ಮರುದಿನವೂ ಓಡುವ ಕಾಲು

ಸತತವಾಗಿ ಹಲವು ದಿನ, ದಿನಕ್ಕೊಂದು ಮ್ಯಾರಥಾನ್‌ನಷ್ಟು ಅಥವಾ ಅದಕ್ಕೆ ಹತ್ತಿರದ ದೂರ ಓಡುವುದು ಬಹುದಿನದ ಮ್ಯಾರಥಾನ್. ಒಂದು ಮ್ಯಾರಥಾನ್ ಎಂದರೆ 42.195 ಕಿ.ಮೀ. ಮೊರಾಕ್ಕೊದ ಮರಳುಗಾಡಿನಲ್ಲಿ 1986ರಲ್ಲಿ ಆರಂಭವಾದ ‘ಮ್ಯಾರಥಾನ್ ದೆ ಸಾಬ್ಲ್’ ಇದರ ಹೆಸರಾಂತ ಮಾದರಿ. ಅಲ್ಲಿ ಸುಮಾರು 250 ಕಿ.ಮೀ. ದೂರವನ್ನು ಹಲವು ದಿನಗಳಿಗೆ ಹಂಚಿ ಓಡುತ್ತಾರೆ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಒಂದು ಸ್ಪರ್ಧೆ ಎಂದರೆ 2022ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಏಷ್ಯಾ–ಓಷಿಯಾನಿಯಾ 24 ಗಂಟೆಗಳ ಓಟ. ಭಾರತದ ಅಮರ್ ಸಿಂಗ್ ದೇವಂದಾ 257 ಕಿ.ಮೀ.ಗೂ ಹೆಚ್ಚು ಓಡಿ ಅದನ್ನು ಗೆದ್ದರು. ಅದು ನಿದ್ದೆಗೆಟ್ಟು ಓಡುವ ಓಟ. ಬಹುದಿನದ ಓಟದಲ್ಲಿ ಸಾಮಾನ್ಯವಾಗಿ ನಡುವೆ ರಾತ್ರಿಗಳು ಸಿಗುತ್ತವೆ. ಆ ಕೆಲವೇ ಗಂಟೆಗಳಲ್ಲಿ ದೇಹ ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮರುದಿನ ತೊಡೆ ಹಿಡಿದುಕೊಂಡರೆ ‘ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ, ತಿಕ್ಕಿದರೆ ಇಳಿಯುತ್ತದೆ’ ಎನ್ನುವವರು ಇಂದಿಗೂ ಬಹಳ. ಆದರೆ ಅದು ನಿಜವಲ್ಲ. ಓಟ ನಿಂತ ಒಂದೆರಡು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ನೋವು ಹೆಚ್ಚುವುದು 24ರಿಂದ 72 ಗಂಟೆಗಳ ನಡುವೆ. ಇನ್ನೂ ಬಲವಾದ ಸಾಕ್ಷಿ ಬೆಟ್ಟದಲ್ಲಿದೆ. ಮೇಲುಕೋಟೆಯ ಯೋಗನರಸಿಂಹ ಬೆಟ್ಟದ ಮೆಟ್ಟಿಲು ಓಡುತ್ತ ಹತ್ತುವಾಗ ಲ್ಯಾಕ್ಟೇಟ್ ಹೆಚ್ಚು, ಇಳಿಯುವಾಗ ಕಡಿಮೆ. ಆದರೂ ಎರಡು ದಿನ ಕಾಡುವ ನೋವು ಬಹುಮಟ್ಟಿಗೆ ಇಳಿದದ್ದರ ಫಲ! ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರ ತಡೆಯುತ್ತಲೇ ಉದ್ದವಾಗಬೇಕು, ಬಾವಿಗೆ ಕೊಡ ಇಳಿಸುವ ಕೈ ಹಗ್ಗವನ್ನು ಬಿಗಿಹಿಡಿದೇ ಬಿಡುವಂತೆ. ಆಗ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಹಾನಿಯಾಗುತ್ತದೆ. ಅದನ್ನು ಸರಿಪಡಿಸುವ ಕೆಲಸದಲ್ಲೇ ಉರಿಯೂತವೂ ನೋವೂ ಬರುತ್ತವೆ.

ಇದರ ಮುಂದಿನ ಭಾಗ ದೇಹಶಾಸ್ತ್ರದ ನಿಜವಾದ ಸೊಬಗು. ಒಮ್ಮೆ ಹೀಗೆ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯು, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟಾಗಿ ಹಾನಿಗೊಳ್ಳುವುದಿಲ್ಲ. ಆದ್ದರಿಂದ ಇಳಿಜಾರಿನ ಓಟವನ್ನು ಸ್ವಲ್ಪ ಸ್ವಲ್ಪವೇ ರೂಢಿಸಿಕೊಳ್ಳಬೇಕು. ಕಠಿಣವಾದ ಕೊನೆಯ ಇಳಿತ ಸ್ಪರ್ಧೆಗೆ ಎರಡು–ಮೂರು ವಾರ ಮೊದಲೇ ಮುಗಿದಿರಬೇಕು. ಮೇಲುಕೋಟೆ ಸೀಮೆಯವರಿಗೆ ಇದಕ್ಕೆ ನೆಲದ ಕೊರತೆಯಿಲ್ಲ: ಹೇಮಾವತಿ ದಡದ ಹೇಮಗಿರಿ ಬೆಟ್ಟವಿದೆ, ಸಮತಟ್ಟಿನ ದೂರಕ್ಕೆ ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯ ನಾಲೆ ಏರಿಗಳಿವೆ. ವಾರಾಂತ್ಯದ ಎರಡೂ ದಿನ ಬೆನ್ನುಬೆನ್ನಿಗೆ ಓಡಬೇಕು. ದಣಿದ ಕಾಲಿನಲ್ಲಿ ಓಡುವುದನ್ನು ಕಲಿಸುವುದು ಭಾನುವಾರದ ಓಟವೇ.

ಊಟದ ವಿಷಯ ಸರಳ. ಸ್ನಾಯುಗಳಲ್ಲಿರುವ ಗ್ಲೈಕೋಜನ್ ಎಂಬ ಇಂಧನದ ದಾಸ್ತಾನು ಬರಿದಾದರೆ ಮತ್ತೆ ತುಂಬಲು, ಪಿಷ್ಟದ ಊಟ ಧಾರಾಳವಾಗಿದ್ದರೂ, ಒಂದು ದಿನದಷ್ಟು ಹೊತ್ತು ಬೇಕು. ಹಾಗಾಗಿ ಓಟ ಮುಗಿದೊಡನೆ ಅನ್ನ, ಬಾಳೆಹಣ್ಣು, ಬೆಲ್ಲ ಒಳಗೆ ಹೋಗಬೇಕು. ನಾರು ಹೆಚ್ಚಿರುವ ರಾಗಿಮುದ್ದೆ ಓಟಕ್ಕೆ ಮುಂಚೆ ಹೊಟ್ಟೆಗೆ ಭಾರವಾಗಬಹುದು, ಸಂಜೆಗೆ ಒಳ್ಳೆಯದು. ಬಾಯಾರಿದಷ್ಟೇ ನೀರು ಸಾಕು. ಅಳತೆ ಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯ. ಬಿಸಿಲಿಗೆ ಒಗ್ಗಲು ಹತ್ತು–ಹದಿನಾಲ್ಕು ದಿನ ಬೇಕು. ಹೊಸ ಬೂಟು ಸ್ಪರ್ಧೆಯ ದಿನ ಬೇಡ.

ನೋವಿಗೆ ಐಬುಪ್ರೊಫೆನ್ ನುಂಗಿ ಓಡುವುದು ಮೂತ್ರಪಿಂಡಕ್ಕೆ ಕೆಡುಕು. ಮೂತ್ರ ಕಡು ಕಂದಾದರೆ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಹಾನಿಗೊಂಡ ಸ್ನಾಯುವಿನ ಅಂಶ ರಕ್ತಕ್ಕೆ ಸೇರಿದ್ದರ ಗುರುತು ಅದಾಗಿರಬಹುದು.

ಗದ್ದೆ ಬದುವಿನಲ್ಲಿ, ಬೆಟ್ಟದ ಮೆಟ್ಟಿಲಲ್ಲಿ ಬೆಳೆದ ಕಾಲುಗಳು ಇಳಿಜಾರಿನ ಪೆಟ್ಟನ್ನು ಹೇಗೆ ತಾಳುತ್ತವೆ ಎಂಬುದು ಅಧ್ಯಯನಕ್ಕೆ ಅರ್ಹವಾದ ಪ್ರಶ್ನೆ. ಕೆ.ಆರ್. ಪೇಟೆ, ನಾಗಮಂಗಲದ ಕಾಲೇಜುಗಳ ದೈಹಿಕ ಶಿಕ್ಷಣ ಅಧ್ಯಾಪಕರು ಒಂದು ಸ್ಟಾಪ್‌ವಾಚ್, ಒಂದು ದಿನಚರಿ ಪುಸ್ತಕ ಹಿಡಿದು ಇದನ್ನು ಕೈಗೆತ್ತಿಕೊಳ್ಳಲಿ.