ವಿಮಾನಯಾನ ಮತ್ತು ವಿಕಿರಣಮಾಪಕ ಬ್ಯಾಡ್ಜ್

ವಿಕಿರಣಮಾಪಕ ಬ್ಯಾಡ್ಜ್ ಎಂಬುದು ಆಸ್ಪತ್ರೆಯ ಕ್ಷ-ಕಿರಣ ವಿಭಾಗ, ಕ್ಯಾನ್ಸರ್ ಚಿಕಿತ್ಸಾ ಕೇಂದ್ರ, ಕೈಗಾದಂತಹ ಅಣುವಿದ್ಯುತ್ ಸ್ಥಾವರ ಮೊದಲಾದೆಡೆ ವಿಕಿರಣದ ನಡುವೆ ದುಡಿಯುವವರು ಎದೆಯ ಮೇಲೆ ಧರಿಸುವ ಚಿಕ್ಕ ಸಾಧನ. ಕೆಲಸದ ವೇಳೆ ದೇಹಕ್ಕೆ ತಗುಲಿದ ವಿಕಿರಣವನ್ನು ಅಳೆಯುವುದು ಇದರ ಉದ್ದೇಶ. ಇದನ್ನು ವಿಮಾನ ಪ್ರಯಾಣದಲ್ಲಿ ಒಯ್ದರೆ ಕೆಲಸಕ್ಕೆ ಸಂಬಂಧಿಸದ ವಿಕಿರಣವೂ ಅದೇ ಲೆಕ್ಕಕ್ಕೆ ಸೇರುವ ಸಂಭವವಿದೆ.

ಕಾರ್ಯವಿಧಾನ

ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಟಿಎಲ್‌ಡಿ ಬ್ಯಾಡ್ಜಿನಲ್ಲಿ ಡಿಸ್ಪ್ರೋಸಿಯಮ್ ಬೆರೆಸಿದ ಕ್ಯಾಲ್ಸಿಯಮ್ ಸಲ್ಫೇಟಿನ ಮೂರು ಬಿಲ್ಲೆಗಳಿರುತ್ತವೆ. ಒಂದರ ಮೇಲೆ ಲೋಹದ ಶೋಧಕ, ಇನ್ನೊಂದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಮೂರನೆಯದು ತೆರೆದಿರುತ್ತದೆ. ವಿಕಿರಣದಿಂದ ಹೀರಿಕೊಂಡ ಶಕ್ತಿಯನ್ನು ಈ ಬಿಲ್ಲೆಗಳು ಹಿಡಿದಿಟ್ಟುಕೊಂಡು, ಪ್ರಯೋಗಾಲಯದಲ್ಲಿ ಕಾಯಿಸಿದಾಗ ಬೆಳಕಾಗಿ ಹೊರಸೂಸುತ್ತವೆ. ಆ ಬೆಳಕೇ ಅಳತೆಗೆ ಆಧಾರ. ಬಿಲ್ಲೆಯಲ್ಲಿ ಉಳಿಯುವುದು ಒಟ್ಟು ಮೊತ್ತ ಮಾತ್ರ. ಅದು ಯಾವ ದಿನ, ಎಲ್ಲಿ ತಗುಲಿತೆಂಬುದನ್ನು ಬಿಲ್ಲೆ ಹೇಳಲಾರದು. ತೊಡಕಿನ ಮೂಲ ಇಲ್ಲಿದೆ.

ಪ್ರಯಾಣದಲ್ಲಿ ಎದುರಾಗುವ ವಿಕಿರಣ

ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ವಾತಾವರಣದ ರಕ್ಷಣೆ ತೆಳುವಾಗಿರುವುದರಿಂದ ವಿಶ್ವಕಿರಣಗಳು ಹೆಚ್ಚು. (ಎತ್ತರಕ್ಕೇರಿದಂತೆ ಇವು ಹೆಚ್ಚುವುದನ್ನು ವಿಕ್ಟರ್ ಹೆಸ್ 1912ರಲ್ಲಿ ಬಲೂನಿನಲ್ಲಿ ಏರಿ ಕಂಡುಕೊಂಡನು.) ಆದರೂ ಪ್ರಮಾಣವು ಗಂಟೆಗೆ ಕೆಲವೇ ಮೈಕ್ರೋಸೀವರ್ಟ್, ಸಮಭಾಜಕ ವೃತ್ತದ ಬಳಿ ಇನ್ನೂ ಕಡಿಮೆ. ಭಾರತದಲ್ಲಿ ವಿಕಿರಣ ಕಾರ್ಮಿಕರಿಗಿರುವ ಮಿತಿ 5 ವರ್ಷಗಳಿಗೆ 100 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್. ಒಂದು ಮಿಲಿಸೀವರ್ಟ್ ಎಂದರೆ ಸಾವಿರ ಮೈಕ್ರೋಸೀವರ್ಟ್ ಎಂಬುದನ್ನು ನೆನೆದರೆ ಅಂತರ ಸ್ಪಷ್ಟವಾಗುತ್ತದೆ. ವಿಶ್ವಕಿರಣದ ನ್ಯೂಟ್ರಾನ್ ಅಂಶವನ್ನು ಸಾಮಾನ್ಯ ಬ್ಯಾಡ್ಜ್ ಸರಿಯಾಗಿ ಗ್ರಹಿಸದು. ಆದುದರಿಂದ ಹಾರಾಟದ ವಿಕಿರಣವನ್ನು ಅಳೆಯಲೆಂದೇ ಇದನ್ನು ಧರಿಸುವುದು ನಿರರ್ಥಕ.

ನಿಲ್ದಾಣದಲ್ಲಿ ಪ್ರಯಾಣಿಕರು ಹಾದುಹೋಗುವ ಲೋಹಶೋಧಕ ದ್ವಾರದಲ್ಲಿ ಕ್ಷ-ಕಿರಣವಿಲ್ಲ. ಕೈಚೀಲದ ತಪಾಸಣೆಯಲ್ಲಿ ಬೀಳುವ ಕ್ಷ-ಕಿರಣ ಸಾಮಾನ್ಯವಾಗಿ ಅತ್ಯಲ್ಪ. ವಿಮಾನದ ಸರಕುಕೋಣೆಗೆ ಒಪ್ಪಿಸುವ ಪೆಟ್ಟಿಗೆಗಳನ್ನು ಮಾತ್ರ ಹೆಚ್ಚು ಪ್ರಬಲವಾದ ಯಂತ್ರಗಳಲ್ಲಿ ಪರೀಕ್ಷಿಸಬಹುದು. ಬ್ಯಾಡ್ಜನ್ನು ಆ ಪೆಟ್ಟಿಗೆಯಲ್ಲಿಡುವುದೇ ದೊಡ್ಡ ತಪ್ಪು.

ಮುನ್ನೆಚ್ಚರಿಕೆ

ರಜೆಯ ಪ್ರಯಾಣಕ್ಕೆ ಬ್ಯಾಡ್ಜ್ ಬೇಕಿಲ್ಲ. ಕೆಲಸದ ಸ್ಥಳದಲ್ಲಿ ವಿಕಿರಣವಿಲ್ಲದ ಜಾಗದಲ್ಲಿ, ಹೋಲಿಕೆಗೆಂದು ಇರಿಸಿರುವ ನಿಯಂತ್ರಣ ಬ್ಯಾಡ್ಜಿನೊಡನೆ ಅದನ್ನು ಬಿಟ್ಟುಹೋಗುವುದು ಸರಿಯಾದ ಕ್ರಮ. ಬೇರೆ ಊರಿನ ಕೆಲಸಕ್ಕೆ ಒಯ್ಯಲೇಬೇಕಾದಾಗ ಅದನ್ನು ತಮ್ಮ ಬಳಿಯೇ ಇಟ್ಟುಕೊಂಡು, ಯಂತ್ರಕ್ಕೆ ಹಾಕದೆ ಕೈಯಿಂದ ಪರಿಶೀಲಿಸುವಂತೆ ಭದ್ರತಾ ಸಿಬ್ಬಂದಿಯನ್ನು ಕೋರಬಹುದು. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು.

ಕಣ್ತಪ್ಪಿನಿಂದ ಬ್ಯಾಡ್ಜ್ ಪೆಟ್ಟಿಗೆಯೊಡನೆ ಹೋಗಿದ್ದಲ್ಲಿ, ಅದನ್ನು ಅಳತೆಗೆ ಕಳುಹಿಸುವ ಮೊದಲೇ ದಿನಾಂಕ ಹಾಗೂ ನಿಲ್ದಾಣದ ಹೆಸರಿನೊಂದಿಗೆ ಸಂಸ್ಥೆಯ ವಿಕಿರಣ ಸುರಕ್ಷತಾಧಿಕಾರಿಗೆ ಬರೆದು ತಿಳಿಸಬೇಕು. ಸುಮ್ಮನಿದ್ದರೆ ಪೆಟ್ಟಿಗೆಗೆ ತಗುಲಿದ ವಿಕಿರಣವು ಕಾರ್ಮಿಕನ ಸೇವಾವಧಿಯ ದಾಖಲೆಯಲ್ಲಿ ಅವನ ದೇಹಕ್ಕೆ ತಗುಲಿದ್ದೆಂದೇ ಉಳಿದುಬಿಡಬಹುದು.