ಚಪ್ಪಟೆ ಚಿತ್ರ ಗುಡ್ಡವಾಗುವುದು ಹೇಗೆ?

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಹೋಗುವಾಗ ನೆಲದ ಏರುತಗ್ಗು ಅಷ್ಟಾಗಿ ಗೊತ್ತಾಗುವುದಿಲ್ಲ. ಅದೇ ದಾರಿಯನ್ನು ಬ್ರೌಸರ್‌ನ ಮೂರು ಆಯಾಮದ ಭೂಪಟದಲ್ಲಿ ನೋಡಿದರೆ ಹಳ್ಳ, ದಿಬ್ಬ, ಇಳಿಜಾರು ಎದ್ದು ಕಾಣಬಹುದು. ಅದು ಒಂದೇ ಫೋಟೊ ಅಲ್ಲ, ಎರಡು ಬೇರೆ ಬೇರೆ ಮಾಹಿತಿಗಳ ಜೋಡಣೆ.

ಮೊದಲನೆಯದು ಎತ್ತರ. 2000ರ ಫೆಬ್ರವರಿಯಲ್ಲಿ ‘ಎಂಡೆವರ್’ ಬಾಹ್ಯಾಕಾಶ ನೌಕೆ 11 ದಿನಗಳ ಯಾತ್ರೆಯಲ್ಲಿ ಭೂಮಿಯ ಬಹುಭಾಗದ ಎತ್ತರವನ್ನು ರೇಡಾರ್‌ನಿಂದ ಅಳೆಯಿತು. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೊಸ್ಯಾಟ್-1 ಉಪಗ್ರಹ ಒಂದೇ ಜಾಗವನ್ನು ಎರಡು ಕ್ಯಾಮೆರಾಗಳಿಂದ, ಎರಡು ಕೋನಗಳಲ್ಲಿ ಚಿತ್ರಿಸಿತು. ನಮ್ಮ ಎರಡು ಕಣ್ಣುಗಳು ಆಳವನ್ನು ಗ್ರಹಿಸುವಂತೆಯೇ ಇದರಿಂದಲೂ ಎತ್ತರವನ್ನು ಲೆಕ್ಕ ಹಾಕಬಹುದು. ಸಾರ್ವಜನಿಕರಿಗೆ ಸಿಗುವ ಇಂಥ ದತ್ತಾಂಶದಲ್ಲಿ ಸುಮಾರು 30 ಮೀಟರಿಗೆ ಒಂದು ಅಂಕಿ ಇರುತ್ತದೆ. ಅಂದರೆ ಒಂದು ಚದರ ಕಿಲೋಮೀಟರಿಗೆ ಸುಮಾರು 1,100 ಅಂಕಿಗಳು.

ಗಣಿತದಲ್ಲಿ ನೀವು ಕಲಿತ ಎಕ್ಸ್, ವೈ, ಝಡ್ ಇಲ್ಲಿ ಕೆಲಸಕ್ಕೆ ಬರುತ್ತವೆ. ಅಕ್ಷಾಂಶ, ರೇಖಾಂಶ ಮತ್ತು ಎತ್ತರ ಸೇರಿ ಒಂದು ಬಿಂದು. ಮೂರು ಬಿಂದು ಸೇರಿ ಒಂದು ತ್ರಿಕೋನ. ಸಾವಿರಾರು ತ್ರಿಕೋನಗಳ ಜಾಲವೇ ನೆಲದ ಆಕಾರ.

ಎರಡನೆಯದು ಉಪಗ್ರಹ ಚಿತ್ರ. ದಿಂಬುಗಳ ಮೇಲೆ ಚಾದರ ಹಾಸಿದಂತೆ ಚಿತ್ರವನ್ನು ಈ ಜಾಲದ ಮೇಲೆ ಹೊದಿಸುತ್ತಾರೆ. ಇಡೀ ಜಗತ್ತಿನ ಚಿತ್ರವನ್ನು ಒಮ್ಮೆಲೇ ತರಲಾಗದು. ಆದ್ದರಿಂದ ಅದನ್ನು ಚೌಕ ತುಂಡುಗಳಾಗಿ ಕತ್ತರಿಸಿಟ್ಟಿರುತ್ತಾರೆ. ಒಂದು ಹಂತ ಹತ್ತಿರ ಹೋದರೆ ಒಂದು ತುಂಡು ನಾಲ್ಕಾಗುತ್ತದೆ. ಹತ್ತನೇ ಹಂತಕ್ಕೆ 10 ಲಕ್ಷ ದಾಟುತ್ತದೆ. ಬ್ರೌಸರ್ ತರಿಸಿಕೊಳ್ಳುವುದು ನಮ್ಮ ಕಣ್ಣೆದುರಿನ ತುಂಡುಗಳನ್ನು ಮಾತ್ರ. ವೆಬ್‌ಜಿಎಲ್ ಎಂಬ ವ್ಯವಸ್ಥೆಯ ಮೂಲಕ ಗ್ರಾಫಿಕ್ಸ್ ಚಿಪ್ ಅವುಗಳನ್ನು ಬಿಡಿಸುತ್ತದೆ.

ನೋಡಲು ಚೆಂದ, ಆದರೆ ನಂಬುವ ಮೊದಲು ಮೂರು ಪ್ರಶ್ನೆ ಕೇಳಬೇಕು.

ಎತ್ತರವನ್ನು ಹಿಗ್ಗಿಸಿದ್ದಾರೆಯೇ? ಒಂದು ಕಿಲೋಮೀಟರಿನಲ್ಲಿ 20 ಮೀಟರ್ ಏರುವ ನೆಲದ ಇಳಿಜಾರು ನೂರಕ್ಕೆ ಎರಡು ಮಾತ್ರ. ಎತ್ತರವನ್ನು ಐದು ಪಟ್ಟು ಮಾಡಿದರೆ ಅದು ನೂರಕ್ಕೆ ಹತ್ತಾಗಿ, ಬಯಲೇ ಗುಡ್ಡದಂತೆ ಕಾಣುತ್ತದೆ.

ಅಂಕಿಗಳ ನಡುವಿನ ಅಂತರ ಎಷ್ಟು? 30 ಮೀಟರ್ ಅಂತರದ ದತ್ತಾಂಶದಲ್ಲಿ ಬಸವಕಲ್ಯಾಣ ಕೋಟೆಯ ಗೋಡೆ ಗೋಡೆಯಾಗಿ ನಿಲ್ಲುವುದಿಲ್ಲ. ಚಿತ್ರದಲ್ಲಿ ಅದು ಸ್ಪಷ್ಟವಾಗಿದ್ದರೂ ನೆಲಕ್ಕೆ ಅಂಟಿದಂತೆ ಕಾಣುತ್ತದೆ. ಸಣ್ಣ ಹಳ್ಳವೂ ಮಾಯವಾಗಬಹುದು.

ಚಿತ್ರ ಯಾವಾಗಿನದು, ಎತ್ತರ ಯಾವಾಗಿನದು? 2000ರ ನಂತರ ತೋಡಿದ ಕಲ್ಲಿನ ಕ್ವಾರಿ ಹೊಸ ಚಿತ್ರದಲ್ಲಿ ಕಾಣುತ್ತದೆ. ಆದರೆ ಹಳೆಯ ಎತ್ತರದ ಮೇಲೆ ಹೊದಿಸಿದಾಗ ಅಲ್ಲಿ ಗುಂಡಿಯೇ ಇರುವುದಿಲ್ಲ.

ಮನೆ ಕಟ್ಟುವ ಜಾಗ ಅಥವಾ ಮಳೆನೀರು ಹರಿಯುವ ದಾರಿಯನ್ನು ಇಂಥ ಪಟ ನೋಡಿಯೇ ತೀರ್ಮಾನಿಸಿದರೆ ಈ ತಪ್ಪುಗಳು ದುಬಾರಿಯಾಗುತ್ತವೆ. ಅಲ್ಲಿ ಸರ್ವೆ ಅಳತೆಯೂ ಊರಿನ ಹಿರಿಯರ ಅನುಭವವೂ ಬೇಕು.

ಇಸ್ರೋ 2009ರಲ್ಲಿ ಆರಂಭಿಸಿದ ‘ಭುವನ್’ ತಾಣದಲ್ಲಿ ನಿಮ್ಮ ಊರನ್ನು ಹುಡುಕಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಳ್ಳವನ್ನು ಆರಿಸಿಕೊಂಡು, ಪರದೆಯಲ್ಲಿ ಕಂಡದ್ದನ್ನು ನೆಲದ ಮೇಲೆ ನಿಂತು ಹೋಲಿಸಿ. ವ್ಯತ್ಯಾಸ ಕಂಡರೆ ಬರೆದಿಟ್ಟುಕೊಳ್ಳಿ. ಭೂಪಟ ಓದುವ ಪಾಠ ಅಲ್ಲಿಂದಲೇ ಶುರು.