ನಿಯತಕಾಲಿಕ ಬರಹ: ವಿದ್ವಾಂಸರಿಗೆ ಲಾಭವೇನು, ತೊಡಕೇನು?

ಮಂಜೇಶ್ವರದ ಗೋವಿಂದ ಪೈ (1883–1963) ವಿಶ್ವವಿದ್ಯಾಲಯದ ಹುದ್ದೆಯಲ್ಲಿರಲಿಲ್ಲ. ಕಾಲನಿರ್ಣಯದಂತಹ ಜಟಿಲ ಪ್ರಶ್ನೆಗಳನ್ನು ಅವರು ಬಹುಮಟ್ಟಿಗೆ ಚರ್ಚಿಸಿದ್ದು ನಿಯತಕಾಲಿಕಗಳ ಪುಟಗಳಲ್ಲಿ. ಇಂತಹ ಬರಹದ ಮುಖ್ಯ ಲಾಭ ಪ್ರಚಾರವಲ್ಲ, ತಿದ್ದುಪಡಿ: ಗಡಿನಾಡಿನ ಶಾಸನಪದವೊಂದಕ್ಕೆ ಹೇಳಿದ ಅರ್ಥವನ್ನು ತುಳು, ಮಲಯಾಳ ಬಲ್ಲ ಓದುಗರು ಗ್ರಂಥ ಅಚ್ಚಾಗುವ ಮೊದಲೇ ಪ್ರಶ್ನಿಸಬಲ್ಲರು. ಆದರೆ ಬಿಡಿ ಲೇಖನಗಳು ಚದುರಿಹೋಗುತ್ತವೆ. ಪೈಗಳ ಸಂಶೋಧನೆಯನ್ನೂ ಅನ್ಯರು ಸಂಗ್ರಹಿಸಿ ಸಂಪುಟವಾಗಿಸಬೇಕಾಯಿತು.

ಇಂದಿನ ಅಧ್ಯಾಪಕರ ತೊಡಕು ಬೇರೆ. ಯುಜಿಸಿಯ 2018ರ ನಿಯಮಾವಳಿಯ ಸಂಶೋಧನಾಂಕ ಪಟ್ಟಿಯಲ್ಲಿ, ಭಾಷಾ ವಿಷಯಗಳವರು ತಜ್ಞವಿಮರ್ಶಿತ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ 10 ಅಂಕ. ದಿನಪತ್ರಿಕೆಯ ಅಂಕಣಕ್ಕೆ ಅಲ್ಲಿ ಸ್ಥಾನವಿಲ್ಲ. ಹುದ್ದೆ ಖಾಯಮಾಗದ ಕಿರಿಯರು ಪ್ರಬಂಧವನ್ನೇ ಆರಿಸಿಕೊಳ್ಳುವುದು ಸಹಜ. ಮಲಯಾಳ ಬಲ್ಲ ಓದುಗರ ಆ ಪ್ರಶ್ನೆ ಅವರನ್ನು ತಲುಪುವುದು ಅಚ್ಚಾದ ಬಳಿಕ, ಅದೂ ತಲುಪಿದರೆ.